ಪದ ಪರಿಚಯ: ಡಿಜಿಟಲ್ ಕಂದಕ

ಶಿರಾ ಕೋಟೆ ನೋಡಿದವರಿಗೆ ಕಂದಕ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಕೋಟೆಯ ಸುತ್ತ ತೋಡಿದ ಅಗಳು. ಇಂಗ್ಲಿಷಿನ 'ಡಿಜಿಟಲ್ ಡಿವೈಡ್'ಗೆ ನಮ್ಮ ಪತ್ರಿಕೆಗಳು 'ಡಿಜಿಟಲ್ ಕಂದಕ' ಅಂತ ಬರೆಯುತ್ತವೆ. ಕೆಲವರು 'ಅಂತರ' ಅಂತಲೋ 'ಕಂದರ' ಅಂತಲೋ ಬರೆಯುವುದುಂಟು. ನನಗೆ ಕಂದಕವೇ ಸರಿ ಅನ್ನಿಸುತ್ತದೆ. ಕಂದರ ಬೆಟ್ಟಗಳ ನಡುವೆ ತಾನಾಗಿ ಆಗಿರುತ್ತದೆ, ಕಂದಕವನ್ನು ಯಾರೋ ತೋಡಿರುತ್ತಾರೆ.

1990ರ ದಶಕದಲ್ಲಿ ಅಮೆರಿಕದಲ್ಲಿ ಚಾಲ್ತಿಗೆ ಬಂದ ಮಾತಿದು. ಕಂಪ್ಯೂಟರ್, ಇಂಟರ್ನೆಟ್ ಕೈಗೆ ಸಿಕ್ಕವರು ಒಂದು ದಡ, ಸಿಗದವರು ಇನ್ನೊಂದು ದಡ. ಮೂಲ ಅರ್ಥ ಇಷ್ಟೇ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಇಂಟರ್ನೆಟ್ ಸೌಲಭ್ಯವಿದ್ದ ಮನೆಗಳು ನಗರದಲ್ಲಿ ಶೇ 42, ಹಳ್ಳಿಯಲ್ಲಿ ಶೇ 15ರ ಆಸುಪಾಸು. 2020ರಲ್ಲಿ ಶಾಲೆಗಳು ಬಾಗಿಲು ಹಾಕಿದಾಗ ಈ ಅಂಕಿಗಳಿಗೆ ಜೀವ ಬಂತು. ತುಮಕೂರು ಪೇಟೆಯ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಕೂತರೆ, ಹಳ್ಳಿಗಳಲ್ಲಿ ಮೇಷ್ಟ್ರುಗಳು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ಸರ್ಕಾರದ 'ವಿದ್ಯಾಗಮ' ಕಾರ್ಯಕ್ರಮಕ್ಕೆಂದು ಗುಡಿಯ ಜಗುಲಿ, ಅರಳಿಕಟ್ಟೆ ಹುಡುಕಿಕೊಂಡು ಹೋದರು.

ಈಗ ಫೋನು ಮನೆಮನೆಗೂ ಬಂದಿದೆಯಲ್ಲ, ಕಂದಕ ಮುಚ್ಚಿತೇ? ಪಾವಗಡ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಕಂಡದ್ದು ಹೇಳುತ್ತೇನೆ. ದಾನಿಗಳು ಕೊಟ್ಟ ಸ್ಮಾರ್ಟ್ ಟಿವಿ ಇತ್ತು. ಅಂಚಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿರಲಿಲ್ಲ. ಯುಪಿಎಸ್ ಬ್ಯಾಟರಿ ಊದಿಕೊಂಡು ಮೂಲೆ ಸೇರಿತ್ತು. ಕರೆಂಟ್ ಇದ್ದಾಗ ಮೇಡಂ ತಮ್ಮದೇ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಫೋನನ್ನು ಕಿಟಕಿ ಸರಳುಗಳ ಮಧ್ಯೆ ಸಿಕ್ಕಿಸಿ ಪಾಠ ತೋರಿಸುತ್ತಿದ್ದರು. ಸಿಗ್ನಲ್ ಸಿಗುವುದು ಆ ಕಿಟಕಿಯಲ್ಲಿ ಮಾತ್ರ. ಡೇಟಾಕ್ಕೆ ಅವರದೇ ದುಡ್ಡು. (ಅದೇ ತಾಲ್ಲೂಕಿನಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ ಅನ್ನುವುದು ಬೇರೆ ಮಾತು.)

ಕಾಗದದಲ್ಲಿ ಆ ಶಾಲೆಗೆ ಟಿವಿ ಇದೆ, ಇಂಟರ್ನೆಟ್ಟೂ ಇದೆ. ಇಂಥದ್ದಕ್ಕೇ ಸಂಶೋಧಕರು 'ಎರಡನೇ ಹಂತದ ಕಂದಕ' ಅಂತ ಇನ್ನೊಂದು ಮಾತು ಸೇರಿಸಿಕೊಂಡಿದ್ದಾರೆ: ಸಾಧನ ಇದ್ದೂ ಅದನ್ನು ಕೆಲಸಕ್ಕೆ ಬರುವಂತೆ ಬಳಸಲು ಆಗದಿರುವುದು. ಅಲ್ಲಿನ ಎಂಟನೇ ಕ್ಲಾಸಿನ ಹುಡುಗನೊಬ್ಬ ರೀಲ್ಸ್ ಎಡಿಟ್ ಮಾಡುವುದರಲ್ಲಿ ನಿಸ್ಸೀಮ. ಕೀಬೋರ್ಡಿನಲ್ಲಿ ನಿನ್ನ ಹೆಸರು ಒತ್ತು ಅಂದರೆ ಒಂದೊಂದೇ ಅಕ್ಷರ ತಡಕಾಡಿದ. ಅಪ್ಪನ ಫೋನು ಅವನ ಕೈಗೆ ಬರುವುದು ರಾತ್ರಿ ಒಂಬತ್ತರ ಮೇಲೆ. ಅವನಕ್ಕನ ಕೈಗೆ ಬರುವುದೇ ಇಲ್ಲ.