ಮಿದುಳು ತಾನಾಗಿ ಹೇಳದ ಚಟದ ಕಥೆ

ಮದ್ಯ, ಮಾದಕವಸ್ತುಗಳು ಮಿದುಳಿನ ಜೀವಕೋಶಗಳಲ್ಲಿ ಏನು ಮಾಡಿಹೋಗಿವೆ ಎಂದು ನೋಡಲು ಸತ್ತವರ ಮಿದುಳೇ ಬೇಕು. ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಆ ಮಿದುಳಿನ ಒಡೆಯ ಎಷ್ಟು ವರ್ಷ ಕುಡಿದ, ನಡುವೆ ಬಿಟ್ಟಿದ್ದನೇ, ಜೊತೆಗೆ ಸಿಗರೇಟೂ ಇತ್ತೇ? ಹೇಳಬೇಕಾದವನೇ ಇಲ್ಲ.

ರಕ್ತಪರೀಕ್ಷೆ ಇದೆಯಲ್ಲ ಎನ್ನಬಹುದು. ರಕ್ತಕ್ಕೆ ಮರೆವು ಜಾಸ್ತಿ. ಹೆರಾಯಿನ್ ಕೆಲವೇ ನಿಮಿಷಗಳಲ್ಲಿ, ಅದರ ಗುರುತೇ ಆದ 6-ಮೊನೊಅಸಿಟೈಲ್‌ಮಾರ್ಫಿನ್ ಎಂಬ ರಾಸಾಯನಿಕವಾಗಿ, ಆಮೇಲೆ ಮಾರ್ಫಿನ್ ಆಗಿಬಿಡುತ್ತದೆ. ಬರೀ ಮಾರ್ಫಿನ್ ಸಿಕ್ಕರೆ ಅದು ಆಸ್ಪತ್ರೆಯಲ್ಲಿ ಕೊಟ್ಟ ನೋವಿನ ಮದ್ದೂ ಆಗಿರಬಹುದು. ಮದ್ಯದ್ದು ಬೇರೆಯೇ ತಕರಾರು: ಕೊಳೆಯತೊಡಗಿದ ಶವದಲ್ಲಿ ಬ್ಯಾಕ್ಟೀರಿಯಾಗಳೇ ಆಲ್ಕೋಹಾಲ್ ತಯಾರಿಸುತ್ತವೆ. ತೊಟ್ಟೂ ಮುಟ್ಟದವನು ವರದಿಯಲ್ಲಿ ಕುಡುಕನಾಗುತ್ತಾನೆ! ಅದಕ್ಕೇ ಕಣ್ಣುಗುಡ್ಡೆಯೊಳಗಿನ ದ್ರವವನ್ನೂ ಪರೀಕ್ಷಿಸುತ್ತಾರೆ. ಬ್ಯಾಕ್ಟೀರಿಯಾ ಅಲ್ಲಿಗೆ ತಲುಪುವುದು ತಡ.

ಕೂದಲಿನ ನೆನಪು ಇನ್ನಷ್ಟು ಹಿಂದಕ್ಕೆ ಹೋಗುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ, ಬುಡದಿಂದ 6 ಸೆಂ.ಮೀ. ಎಂದರೆ ಹೆಚ್ಚುಕಡಿಮೆ ಆರು ತಿಂಗಳ ದಿನಚರಿ. ಬ್ಲೀಚ್ ಮಾಡಿಸಿದ್ದರೆ ಆ ದಿನಚರಿಯ ಅಕ್ಷರಗಳೂ ಮಸುಕು.

ಅದಕ್ಕೂ ಹಿಂದಿನದಕ್ಕೆ ಮನುಷ್ಯರೇ ಗತಿ. ಆತ್ಮಹತ್ಯೆಯ ತನಿಖೆಗೆಂದು 1950ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೂಪುಗೊಂಡ 'ಮಾನಸಿಕ ಶವಪರೀಕ್ಷೆ' ಇಲ್ಲಿ ನೆರವಿಗೆ ಬರುತ್ತದೆ: ಹತ್ತಿರದವರನ್ನು ಮಾತಾಡಿಸುವುದು, ಆಸ್ಪತ್ರೆಯ ದಾಖಲೆಗಳನ್ನು ಓದುವುದು. "ಯಾವಾಗಲೋ ಒಮ್ಮೆ ಕುಡೀತಿದ್ದ, ಅಷ್ಟೇ" ಎನ್ನುತ್ತಾರೆ ತಾಯಿ. "ದಿನಾ ಇತ್ತು" ಎನ್ನುತ್ತಾನೆ ಗೆಳೆಯ. ತಾಯಿ ಸುಳ್ಳು ಹೇಳುತ್ತಿಲ್ಲ; ಮಗ ಮನೆಗೆ ತಂದಷ್ಟನ್ನೇ ಆಕೆ ಕಂಡಿದ್ದಾರೆ. ಇಂಥಲ್ಲಿ ಎಷ್ಟು ಕುಡಿಯುತ್ತಿದ್ದ ಎನ್ನುವುದಕ್ಕಿಂತ, ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಿತ್ತೇ ಎಂದು ಕೇಳುವುದು ಮೇಲು. ಲೆಕ್ಕ ಯಾರಿಗೂ ನೆನಪಿರುವುದಿಲ್ಲ, ನಡುಗುವ ಕೈ ನೆನಪಿರುತ್ತದೆ.

ನನಗೆ ಹೆಚ್ಚು ಅಪಾಯಕಾರಿ ಎನಿಸುವುದು ತಪ್ಪು ಮಾಹಿತಿಯಲ್ಲ, 'ಗೊತ್ತಿಲ್ಲ' ಎನ್ನಬೇಕಾದ ಕಡೆ ಬರೆದ 'ಇಲ್ಲ'. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವವರಲ್ಲಿ ಧೂಮಪಾನಿಗಳ ಪ್ರಮಾಣ ಹೆಚ್ಚು. ಅವರ ಮಿದುಳಿನಲ್ಲಿ ಕಂಡ ವ್ಯತ್ಯಾಸ ಕಾಯಿಲೆಯದೋ ನಿಕೋಟಿನ್‌ನದೋ? ಹೋಲಿಕೆಗೆ ಇಟ್ಟ 'ಆರೋಗ್ಯವಂತ' ಮಿದುಳುಗಳ ನಡುವೆಯೂ ಗುಟ್ಟಾಗಿ ಸೇದುತ್ತಿದ್ದವನ ಮಿದುಳು ಸೇರಿಕೊಂಡಿದ್ದರೆ ಲೆಕ್ಕ ಇನ್ನಷ್ಟು ಕಲಸಿಹೋಗುತ್ತದೆ. ಹಾಗಾಗಿ ಕಡತದಲ್ಲಿ 'ಧೂಮಪಾನ ಇಲ್ಲ' ಎಂದಿದ್ದರೂ ನಿಕೋಟಿನ್ ಕರಗಿ ಉಳಿಯುವ ಕೊಟಿನಿನ್ ಅನ್ನು ಹುಡುಕುತ್ತಾರೆ. ಅದು ಪಕ್ಕದವರ ಹೊಗೆಯಿಂದ ಬರುವಷ್ಟಕ್ಕಿಂತ ಬಹಳ ಹೆಚ್ಚಿಗೆ ಸಿಕ್ಕರೆ, ಆ ಕಡತವನ್ನು ಮತ್ತೆ ಬಿಚ್ಚಬೇಕು, ಗೆಳೆಯನಿಗೆ ಮತ್ತೆ ಫೋನ್ ಮಾಡಬೇಕು.