ಏನೂ ಅನ್ನಿಸದ ಮಾತ್ರೆ

ಮಳೆ ನಿಂತ ಮೇಲೆ ಸೂರಿನ ಕೆಳಗಿಟ್ಟ ಬಕೆಟ್‌ಗೆ ಹನಿ ಬೀಳುವ ಸದ್ದು ಕೇಳಿದ್ದೀರಾ? ಟಪ್. ಟಪ್ ಟಪ್. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಟ್ಟಿಗೆ ಮೂರು. ಎಷ್ಟು ಹೊತ್ತು ಕೂತು ಕೇಳಿದರೂ ಮುಂದಿನ ಹನಿ ಯಾವಾಗ ಅಂತ ಲೆಕ್ಕಕ್ಕೆ ಸಿಗುವುದಿಲ್ಲ. ತೀರ್ಥಹಳ್ಳಿಯ ನಮ್ಮ ದೊಡ್ಡಮ್ಮನ ಕೈ ಹಿಡಿದು ನಾಡಿ ನೋಡಿದರೆ ಬೆರಳಿಗೆ ಸಿಗುವುದು ಇದೇ ತಾಳ. ತಾಳ ಅನ್ನುವುದೇ ತಪ್ಪು ಬಿಡಿ.

ಡಾಕ್ಟರುಗಳು ಇದನ್ನು ಏಟ್ರಿಯಲ್ ಫಿಬ್ರಿಲೇಶನ್ ಅನ್ನುತ್ತಾರೆ. ಚೀಟಿಯಲ್ಲಿ ಬರೆಯುವುದು ಬರೀ ಎ.ಎಫ್. ದೊಡ್ಡಮ್ಮ ಹೇಳುವುದು ‘ಎದೆ ಹಾರೋ ಕಾಯಿಲೆ’.

ಕಾಯಿಲೆಯ ಬೇರು ಅವರ ಬಾಲ್ಯದಲ್ಲಿದೆ. ಹತ್ತು ವರ್ಷದವರಿದ್ದಾಗ ಗಂಟಲು ನೋವು ಬಂತು, ಕೆಲವು ವಾರಗಳ ನಂತರ ಜ್ವರ, ಜೊತೆಗೆ ಇವತ್ತು ಈ ಮಂಡಿ ನಾಳೆ ಆ ಮಣಿಕಟ್ಟು ಅಂತ ಓಡಾಡುವ ಗಂಟುನೋವು. ಮನೆಯಲ್ಲಿ ಎಣ್ಣೆ ತಿಕ್ಕಿದರು, ಹೋಯಿತು. ಅದು ರುಮ್ಯಾಟಿಕ್ ಜ್ವರ ಅಂತ ಗೊತ್ತಾದದ್ದು ಮದುವೆಯಾಗಿ, ಬಸುರಿಯಾಗಿ, ಮೆಟ್ಟಿಲು ಹತ್ತಿದರೆ ಉಸಿರು ಸಾಲದಾದಾಗ. ಈ ಜ್ವರ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಅಂತ ವೈದ್ಯರಲ್ಲಿ ಒಂದು ಹಳೆಯ ಮಾತಿದೆ. ದೊಡ್ಡಮ್ಮನ ಹೃದಯದ ಎಡಗಡೆ, ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಮೈಟ್ರಲ್ ಕವಾಟವನ್ನು ಅದು ಕಚ್ಚಿತ್ತು. ಕವಾಟ ದಪ್ಪಗಾಗಿ, ಅಂಚುಗಳು ಕೂಡಿಕೊಂಡು, ಬಾಗಿಲು ಕಿರಿದಾಯಿತು. ಬೆಂಗಳೂರಿನಲ್ಲಿ ತೊಡೆಯ ರಕ್ತನಾಳದ ಮೂಲಕ ಬಲೂನು ಹಾಕಿ ಬಿಡಿಸಿದರು. ಆದರೆ ಅಷ್ಟು ವರ್ಷ ಕಿರಿದಾದ ಬಾಗಿಲಿನ ಹಿಂದೆ ರಕ್ತ ಒತ್ತಿ ಒತ್ತಿ ಮೇಲಿನ ಕೋಣೆ ಹಿಗ್ಗಿಹೋಗಿತ್ತು. ಹಿಗ್ಗಿದ ಸ್ನಾಯುವಿನಲ್ಲಿ ಅಲ್ಲಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಅದರ ನಡುವೆ ವಿದ್ಯುತ್ ಸಂಕೇತ ದಾರಿ ತಪ್ಪುತ್ತದೆ. ಎ.ಎಫ್. ಶುರುವಾಗುವುದು ಹಾಗೆ.

ಎಲ್ಲರಿಗೂ ಇದೇ ಕಾರಣ ಅಂತಲ್ಲ. ಬಿ.ಪಿ., ವಯಸ್ಸು, ತೂಕ, ಜಾಸ್ತಿಯಾದ ಥೈರಾಯ್ಡ್, ಕುಡಿತ, ಗೊರಕೆಯ ನಡುವೆ ಉಸಿರು ನಿಲ್ಲುವ ನಿದ್ದೆ, ಯಾವುದರಿಂದ ಬೇಕಾದರೂ ಬರಬಹುದು.

ಹೃದಯಕ್ಕೆ ತಾಳ ಹಾಕಿಕೊಡುವ ಪುಟ್ಟ ಗಂಟೊಂದು ಬಲಗಡೆಯ ಮೇಲಿನ ಕೋಣೆಯಲ್ಲಿದೆ. ಆರಾಮಾಗಿ ಕೂತಾಗ ನಿಮಿಷಕ್ಕೆ 60ರಿಂದ 100 ಸಲ ಅದು ಮಿಡಿಯುತ್ತದೆ, ಹೃದಯ ಹಿಂಬಾಲಿಸುತ್ತದೆ. ಎ.ಎಫ್.ನಲ್ಲಿ ಈ ಗಂಟಿನ ಮಾತು ಯಾರೂ ಕೇಳುವುದಿಲ್ಲ. ಮೇಲಿನ ಕೋಣೆಗಳ ತುಂಬ ನಿಮಿಷಕ್ಕೆ 350ರಿಂದ 600 ಸಣ್ಣ ಅಲೆಗಳು ಏಳುತ್ತವೆ. ಕೋಣೆ ಹಿಂಡುವುದನ್ನು ಬಿಟ್ಟು ಸುಮ್ನೆ ಅದುರುತ್ತಾ ಇರುತ್ತದೆ. ಅಷ್ಟೂ ಅಲೆ ಕೆಳಗಿನ ಕೋಣೆಗೆ ಇಳಿದಿದ್ದರೆ ಜನ ಅಲ್ಲೇ ಬಿದ್ದು ಸಾಯುತ್ತಿದ್ದರು. ಪುಣ್ಯಕ್ಕೆ ನಡುವೆ ಇನ್ನೊಂದು ಗಂಟಿದೆ, ಎ.ವಿ. ನೋಡ್ ಅಂತ. ಸಂತೆ ದಿನ ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರ್ ಥರ ಅದು. ನೂಕಾಡುವ ನೂರಾರು ಜನರಲ್ಲಿ ಕೆಲವರನ್ನಷ್ಟೇ ಒಳಗೆ ಬಿಡುತ್ತದೆ. ಯಾರನ್ನು, ಯಾವಾಗ ಅನ್ನುವುದಕ್ಕೆ ಕ್ರಮ ಇಲ್ಲ. ನಾಡಿಯಲ್ಲಿ ನಮಗೆ ಸಿಗುವ ಸೂರಿನ ಹನಿ ಅದೇ.

ದೊಡ್ಡಮ್ಮನ ಸ್ಟೀಲ್ ಡಬ್ಬಿಯಲ್ಲಿ ಎ.ಎಫ್.ಗೆ ಅಂತ ಮೂರು ಥರದ ಮಾತ್ರೆ ಇದೆ. ಎರಡು ಈ ಕಂಡಕ್ಟರನಿಗೆ. ಮೆಟೊಪ್ರೊಲಾಲ್ ಒಂದು, ಡಿಗಾಕ್ಸಿನ್ ಇನ್ನೊಂದು. ‘ಇನ್ನೂ ಕಮ್ಮಿ ಜನ ಹತ್ತಿಸು’ ಅಂತ ಹೇಳುವ ಮಾತ್ರೆಗಳು. ತಾಳ ಸರಿಹೋಗುವುದಿಲ್ಲ, ವೇಗ ಇಳಿಯುತ್ತದೆ. 140 ಇದ್ದ ಬಡಿತ 80ಕ್ಕೆ ಬಂದರೆ ಮನುಷ್ಯ ಮತ್ತೆ ಅಂಗಳ ಗುಡಿಸುತ್ತಾನೆ. ಇವು ಕೆಲಸ ಮಾಡುವುದು ಮೈಗೆ ಗೊತ್ತಾಗುತ್ತದೆ. ಮೆಟೊಪ್ರೊಲಾಲ್ ಒಂದು ದಿನ ತಪ್ಪಿಸಿದರೆ ಅದೂ ಗೊತ್ತಾಗುತ್ತದೆ. ದೊಡ್ಡಮ್ಮ ಇವನ್ನು ಎಂದೂ ಮರೆತಿಲ್ಲ.

ಡಿಗಾಕ್ಸಿನ್ ಬಗ್ಗೆ ಒಂದು ಮಾತು. 1785ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯ ಫಾಕ್ಸ್‌ಗ್ಲವ್ ಅನ್ನುವ ಹೂಗಿಡದ ಬಗ್ಗೆ ಒಂದು ಪುಸ್ತಕ ಬರೆದ. ಶ್ರಾಪ್‌ಶೈರ್‌ನ ಒಬ್ಬ ಮುದುಕಿ ಮೈ ಊದಿಕೊಂಡವರಿಗೆ ಗುಟ್ಟಾಗಿ ಕೊಡುತ್ತಿದ್ದ ಔಷಧಿಯಲ್ಲಿ 20ಕ್ಕೂ ಹೆಚ್ಚು ಸೊಪ್ಪು ಇದ್ದವಂತೆ. ಅದರಲ್ಲಿ ಕೆಲಸ ಮಾಡುವ ಸೊಪ್ಪು ಇದೊಂದೇ ಅಂತ ಅವನು ಕಂಡುಕೊಂಡ. ಡಿಗಾಕ್ಸಿನ್ ಆ ಗಿಡದ ವಂಶದ್ದು. ನಮ್ಮ ಬೇಲಿಯ ಕಣಗಿಲೆಯಲ್ಲಿ ಇರುವ ವಿಷವೂ ಹೃದಯದ ಮೇಲೆ ಇದೇ ಥರ ಕೆಲಸ ಮಾಡುತ್ತದೆ. ಹೂವನ್ನು ದೇವರಿಗೆ ಇಡುತ್ತೇವೆ, ಎಲೆಗೆ ದನ ಬಾಯಿ ಹಾಕಿದರೆ ಅಜ್ಜಿ ಕೂಗಿಕೊಂಡು ಓಡುತ್ತಿದ್ದರು. ಔಷಧಿಯಾಗಿ ಡಿಗಾಕ್ಸಿನ್‌ಗೂ ಆ ಗುಣ ಬಿಟ್ಟಿಲ್ಲ. ಉಪಕಾರಕ್ಕೂ ವಿಷಕ್ಕೂ ನಡುವೆ ಅಂತರ ಬಹಳ ಕಿರಿದು. ನಮ್ಮಲ್ಲಿ ಬಹಳ ಡಾಕ್ಟರುಗಳು ‘ವಾರಕ್ಕೆ ಐದು ದಿನ, ಶನಿವಾರ ಭಾನುವಾರ ಬೇಡ’ ಅಂತ ಬರೆಯುವುದು ಅದಕ್ಕೇ. ವಾಂತಿ ಬಂದ ಹಾಗೆ, ಊಟ ಬೇಡವಾದ ಹಾಗೆ, ಕಣ್ಣಿಗೆ ಎಲ್ಲ ಹಳದಿ ಕಂಡ ಹಾಗೆ ಆದರೆ ಪಿತ್ತ ಅಂದುಕೊಂಡು ಕೂರಬಾರದು.

ಮೂರನೆಯ ಮಾತ್ರೆಯ ವಿಷಯ ಬೇರೆ. ಚೂರು ಗಾತ್ರದ ಬಿಳಿ ಮಾತ್ರೆ, ಅಸೆನೊಕೂಮರಾಲ್. ತಗೊಂಡರೆ ಏನೂ ಅನ್ನಿಸುವುದಿಲ್ಲ. ಬಿಟ್ಟರೂ ಏನೂ ಅನ್ನಿಸುವುದಿಲ್ಲ. ಜೀವ ಕಾಯುವುದು ಮಾತ್ರ ಇದೇ.

ಶಾಲೆಯಲ್ಲಿ ಹೃತ್ಕರ್ಣ ಅಂತ ಓದಿದ್ದು ನೆನಪಿದೆಯಲ್ವಾ? ಹೃದಯದ ಕಿವಿ. ಈಗ ಏಟ್ರಿಯಂ ಅನ್ನುವ ಕೋಣೆಗೆ ಹಿಂದೆ ಆರಿಕಲ್, ಅಂದರೆ ಪುಟ್ಟ ಕಿವಿ, ಎಂಬ ಹೆಸರಿತ್ತು. ನಿಜವಾಗಿ ಕಿವಿಯ ಹಾಗೆ ಕಾಣುವುದು ಆ ಕೋಣೆಗೆ ಅಂಟಿಕೊಂಡ ಸಣ್ಣ ಚೀಲ. ಕೋಣೆ ಹಿಂಡುವುದನ್ನು ನಿಲ್ಲಿಸಿದರೆ ರಕ್ತ ನಿಧಾನವಾಗುತ್ತದೆ, ಎಡಗಡೆಯ ಈ ಚೀಲದ ಮೂಲೆಯಲ್ಲಂತೂ ನಿಂತೇಬಿಡುತ್ತದೆ. ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಕನ್ನಡದಲ್ಲಿ ಮೊಸರಿಗೂ ರಕ್ತಕ್ಕೂ ಒಂದೇ ಹೆಪ್ಪು. ಪಾತ್ರೆ ಅಲ್ಲಾಡಿಸಬೇಡ, ಮೊಸರು ಕೂರಲ್ಲ ಅಂತ ಅಮ್ಮ ಹೇಳುತ್ತಿದ್ದರಲ್ಲ, ಹಾಗೇ ಇಲ್ಲಿ ಅಲುಗಾಡದ ಮೂಲೆಯಲ್ಲಿ ಗರಣೆ ಕೂರುತ್ತದೆ. ಆ ಗರಣೆ ಒಂದು ದಿನ ಕಳಚಿ ಹೊರಟರೆ ಮಿದುಳಿನ ನಾಳಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಅದು ಲಕ್ವಾ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಜನರನ್ನು ದಶಕಗಟ್ಟಲೆ ಗಮನಿಸಿದವರು 1978ರಲ್ಲೇ ಲೆಕ್ಕ ಕೊಟ್ಟಿದ್ದರು. ಎ.ಎಫ್. ಇದ್ದವರಿಗೆ ಲಕ್ವಾ ಹೊಡೆಯುವ ಸಂಭವ ಐದು ಪಟ್ಟಿಗೂ ಜಾಸ್ತಿ. ಜೊತೆಗೆ ರುಮ್ಯಾಟಿಕ್ ಕವಾಟವೂ ಇದ್ದರೆ 17 ಪಟ್ಟಿಗೂ ಜಾಸ್ತಿ.

ಈ ಮಾತ್ರೆಗೆ ಎಲ್ಲರೂ ‘ರಕ್ತ ತೆಳು ಮಾಡೋ ಮಾತ್ರೆ’ ಅನ್ನುತ್ತಾರೆ. ನೀರು ಮಜ್ಜಿಗೆಯಂತೆ ರಕ್ತ ತೆಳ್ಳಗಾಗುತ್ತದೆ, ನಿಶ್ಶಕ್ತಿ ಬರುತ್ತದೆ ಅಂತ ಹೆದರಿ ಬಿಟ್ಟವರನ್ನು ನೋಡಿದ್ದೇನೆ. ರಕ್ತ ಎಷ್ಟು ಗಟ್ಟಿ ಇತ್ತೋ ಅಷ್ಟೇ ಇರುತ್ತದೆ. ಹೆಪ್ಪುಗಟ್ಟಲು ತಗಲುವ ಹೊತ್ತು ಜಾಸ್ತಿಯಾಗುತ್ತದೆ, ಅಷ್ಟೆ.

ಇದರ ಕಥೆ ಶುರುವಾಗುವುದು ದನದ ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳ ಹುಲ್ಲುಗಾವಲು ಸೀಮೆಯಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಹುಲ್ಲು ತಿಂದರೆ ಹೀಗಾಗುತ್ತದೆ ಅಂತ ಪಶುವೈದ್ಯರು ಪತ್ತೆ ಮಾಡಿದರು, ಯಾಕೆ ಅಂತ ತಿಳಿದಿರಲಿಲ್ಲ. 1933ರ ಫೆಬ್ರವರಿಯ ಒಂದು ಶನಿವಾರ ಎಡ್ ಕಾರ್ಲ್‌ಸನ್ ಎಂಬ ರೈತ ಹಿಮ ಸುರಿಯುವಾಗ ಸುಮಾರು 300 ಕಿ.ಮೀ. ಗಾಡಿ ಓಡಿಸಿಕೊಂಡು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗೆ ಬಂದ. ಗಾಡಿಯಲ್ಲಿ ಒಂದು ಸತ್ತ ಕಡಸು, ಒಂದು ಹೊರೆ ಹುಲ್ಲು, ಒಂದು ಹಾಲಿನ ಕ್ಯಾನ್ ತುಂಬ ಹೆಪ್ಪುಗಟ್ಟದ ರಕ್ತ. ಪಶುವೈದ್ಯರ ಕಚೇರಿ ಬಾಗಿಲು ಹಾಕಿತ್ತು. ಸಿಕ್ಕಿದ ಬಾಗಿಲು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ವಿಜ್ಞಾನಿಯದು. ಆ ಕ್ಯಾನಿನ ರಕ್ತ ನೋಡಿದ ಲಿಂಕ್ ಮತ್ತು ಅವನ ಶಿಷ್ಯರು ಆರು ವರ್ಷ ದುಡಿದು ಹುಲ್ಲಿನ ವಿಷವನ್ನು ಬೇರ್ಪಡಿಸಿದರು. ಅದರ ಮರಿಯೇ ವಾರ್ಫರಿನ್. 1948ರಲ್ಲಿ ಅದು ಇಲಿ ಪಾಷಾಣವಾಗಿ ಅಂಗಡಿಗೆ ಬಂತು, 1954ರಲ್ಲಿ ಮನುಷ್ಯರಿಗೆ ಔಷಧಿಯಾಯಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಅದನ್ನೇ ಕೊಟ್ಟರು. ದೊಡ್ಡಮ್ಮನ ಬಿಳಿ ಮಾತ್ರೆ ಇದೇ ಮನೆತನದ್ದು. ಇಲಿ ಪಾಷಾಣದ ಭಾಗವನ್ನು ನಾನು ಅವರಿಗೆ ಹೇಳಿಲ್ಲ.

ಮಾತ್ರೆ ಮಾಡುವುದೇನು? ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳನ್ನು ಲಿವರ್ ತಯಾರಿಸಲು ಕೆ ವಿಟಮಿನ್ ಬೇಕು. ಈ ಮಾತ್ರೆ ಆ ವಿಟಮಿನ್ನಿನ ಕೈ ಕಟ್ಟುತ್ತದೆ. ಎಷ್ಟು ಕಟ್ಟಿದೆ ಅಂತ ನೋಡಲು ಐ.ಎನ್.ಆರ್. ಎಂಬ ರಕ್ತ ಪರೀಕ್ಷೆ. ನಮ್ಮ ನಿಮ್ಮ ರಕ್ತಕ್ಕೆ ಸುಮಾರು 1. ದೊಡ್ಡಮ್ಮನಂಥವರಿಗೆ 2ರಿಂದ 3ರ ಒಳಗಿರಬೇಕು. ಕೆಳಗಿಳಿದರೆ ಗರಣೆಯ ಭಯ, ಮೇಲೇರಿದರೆ ರಕ್ತಸ್ರಾವದ ಭಯ.

ಕೆ ವಿಟಮಿನ್ ಜಾಸ್ತಿ ಇರುವುದು ಹಸಿರು ಸೊಪ್ಪಿನಲ್ಲಿ. ಯಾರೋ ಇದನ್ನು ಹೇಳಿದ್ದೇ ತಡ, ದೊಡ್ಡಮ್ಮ ಸೊಪ್ಪನ್ನೇ ಬಿಟ್ಟರು. ನುಗ್ಗೆಸೊಪ್ಪಿಲ್ಲ, ಪಾಲಕ್ ಇಲ್ಲ, ಹರಿವೆ ಇಲ್ಲ. ಡಾಕ್ಟರು ಅದಕ್ಕೆ ಹೊಂದಿಸಿ ಮಾತ್ರೆ ಬರೆದರು. ಆಮೇಲೆ ಮಗಳ ಮನೆಗೆ ಹೋದವರು ಹದಿನೈದು ದಿನ ದಿನಾ ಸೊಪ್ಪಿನ ಹುಳಿ ತಿಂದು ಬಂದರು. ಐ.ಎನ್.ಆರ್. 1.4. ಡಾಕ್ಟರು ಬೈಯಲಿಲ್ಲ, ‘ಸೊಪ್ಪು ತಿನ್ನಿ ಅಮ್ಮ, ಆದರೆ ವಾರ ವಾರ ಒಂದೇ ಥರ ತಿನ್ನಿ’ ಅಂದರು. ಊಟ ಹೀಗಿರಲಿ, ಮಾತ್ರೆಯನ್ನು ಅದಕ್ಕೆ ಹೊಂದಿಸೋಣ ಅನ್ನುವ ಈ ಮಾತು ಮೊದಲೇ ಸಿಕ್ಕಿದ್ದರೆ ಚೆನ್ನಾಗಿತ್ತು.

ಊಟಕ್ಕಿಂತ ಜಾಸ್ತಿ ಕಾಟ ಕೊಟ್ಟದ್ದು ಬೇರೆ ಮಾತ್ರೆಗಳು. ಒಮ್ಮೆ ಭೇದಿ ಆಯಿತು. ಮನೆಯಲ್ಲಿ ಯಾರಿಗೋ ತಂದು ಉಳಿದಿದ್ದ ಅರ್ಧ ಸ್ಟ್ರಿಪ್ ಮೆಟ್ರೋನಿಡಜೋಲ್ ಇತ್ತು. ಮೂರು ದಿನ ನುಂಗಿದರು. ಭೇದಿ ನಿಂತಿತು. ನಾಲ್ಕನೇ ಬೆಳಗ್ಗೆ ಹಲ್ಲುಜ್ಜುವಾಗ ಬೇಸಿನ್ ಕೆಂಪಾಯಿತು. ಐ.ಎನ್.ಆರ್. 6 ದಾಟಿತ್ತು. ಲಿವರ್ ಬಿಳಿ ಮಾತ್ರೆಯ ವಂಶವನ್ನು ಕರಗಿಸಿ ಹೊರಹಾಕುವುದನ್ನು ಮೆಟ್ರೋನಿಡಜೋಲ್ ತಡೆಯುತ್ತದೆ, ಹಾಗಾಗಿ ಒಂದು ಮಾತ್ರೆ ಎರಡರ ಕೆಲಸ ಮಾಡುತ್ತದೆ. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ತಾಳ ಸರಿಪಡಿಸಲು ಕೊಡುವ ಅಮಿಯೊಡರೋನ್ ಕೂಡ ಹೀಗೇ. ಟಿ.ಬಿ.ಯ ರಿಫಾಂಪಿಸಿನ್ ಉಲ್ಟಾ, ಐ.ಎನ್.ಆರ್. ಇಳಿಸುತ್ತದೆ. ಗಂಟುನೋವಿನ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಐ.ಎನ್.ಆರ್. ಮುಟ್ಟದೆಯೂ ಹೊಟ್ಟೆಯೊಳಗೆ ರಕ್ತ ಸುರಿಸಬಲ್ಲವು. ಬೇರುಗಳ ಚೂರ್ಣ, ಯಾರೋ ಕೊಟ್ಟ ಕಷಾಯ ತಗೊಳ್ಳುತ್ತಿದ್ದರೂ ಡಾಕ್ಟರಿಗೆ ಹೇಳಬೇಕು. ಇನ್ನು ‘ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ’ ಅನ್ನುವ ನಮ್ಮ ಹಳೆಯ ಚಾಳಿ. ಈ ಮಾತ್ರೆ ತಗೊಳ್ಳುವವರು ಸೊಂಟಕ್ಕೆ ಸೂಜಿ ಹಾಕಿಸಿಕೊಂಡರೆ ಮಾಂಸದೊಳಗೆ ರಕ್ತ ತುಂಬಿ ಊದಿಕೊಳ್ಳಬಹುದು. ಯಾರು ಸೂಜಿ ಹಿಡಿದರೂ, ಹಲ್ಲಿಗೆ ಇಕ್ಕಳ ಹಾಕಿದರೂ ಮೊದಲು ಹೇಳಬೇಕಾದದ್ದು ಮಾತ್ರೆಯ ಹೆಸರು. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ ಆಸ್ಪತ್ರೆಗೇ ಹೋಗಬೇಕು.

ದೊಡ್ಡಮ್ಮನ ತಮ್ಮ, ಅಂದರೆ ನಮ್ಮ ಮೈಸೂರಿನ ಮಾವ, ಇವರಿಗೂ ಎ.ಎಫ್. ಕವಾಟ ಸರಿ ಇದೆ, ಬಿ.ಪಿ.ಯಿಂದ ಬಂದದ್ದು. ಅವರಿಗೆ ಹೊಸ ತಲೆಮಾರಿನ ಮಾತ್ರೆ, ರಿವರೋಕ್ಸಬಾನ್. ಐ.ಎನ್.ಆರ್. ಪರೀಕ್ಷೆಯ ಓಡಾಟ ಇಲ್ಲ, ಸೊಪ್ಪಿನ ಲೆಕ್ಕ ಇಲ್ಲ. ‘ಅಕ್ಕ, ಇನ್ನೂ ಆ ಕಾಲದ ಮಾತ್ರೆ ನುಂಗ್ತಾ ಇದೀಯಲ್ಲ’ ಅಂತ ಮದುವೆ ಮನೆಯಲ್ಲಿ ಮಾವ ಹಂಗಿಸಿದರು. ದೊಡ್ಡಮ್ಮನಿಗೂ ಆಸೆಯಾಯಿತು. ಆದರೆ ರುಮ್ಯಾಟಿಕ್ ಕವಾಟದವರ ಲೆಕ್ಕ ಬೇರೆ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ 24 ದೇಶಗಳಲ್ಲಿ 4,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಇನ್ವಿಕ್ಟಸ್ ಎಂಬ ಪ್ರಯೋಗದಲ್ಲಿ ಹೊಸದನ್ನೂ ಹಳೆಯದನ್ನೂ ಎದುರುಬದುರು ನಿಲ್ಲಿಸಿ ನೋಡಿದರು. ಫಲಿತಾಂಶ ಬಂದದ್ದು 2022ರಲ್ಲಿ. ಹಳೆಯ ಮನೆತನದ ಮಾತ್ರೆ ತಗೊಂಡವರಲ್ಲಿ ಸಾವು ಕಮ್ಮಿ ಇತ್ತು, ರಕ್ತಸ್ರಾವವೂ ಹೆಚ್ಚಿರಲಿಲ್ಲ. ಹೊಸದು ಗೆಲ್ಲುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದರು.

ಮಾವನ ಮಾತ್ರೆಗೂ ಅದರದೇ ಹಟ ಇದೆ. ರಿವರೋಕ್ಸಬಾನ್ 20 ಮಿ.ಗ್ರಾಂ. ಹೊಟ್ಟೆ ತುಂಬಿದಾಗಲೇ ಪೂರ್ತಿ ಹೀರಿಕೆಯಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಸುಮಾರು ಮೂರನೇ ಒಂದು ಭಾಗ ದಂಡ. ಮಾವ ಪ್ರತಿ ಏಕಾದಶಿ ನೀರು ಕುಡಿದು ಮಾತ್ರೆ ನುಂಗುತ್ತಿದ್ದರು! ಡಬಿಗಟ್ರಾನ್ ಅನ್ನುವ ಇನ್ನೊಂದಕ್ಕೆ ತೇವ ಆಗುವುದಿಲ್ಲ, ವಾರದ ಡಬ್ಬಿಗೆ ಸುರಿದಿಡದೆ ಬಂದ ಪ್ಯಾಕಿನಲ್ಲೇ ಇಡಬೇಕು. ಅದರ ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ನೀರಿಗೆ ಹಾಕಿಕೊಂಡರೆ ಮೈಗೆ ಸೇರುವ ಔಷಧಿ ವಿಪರೀತ ಹೆಚ್ಚುತ್ತದೆ. ಜೊತೆಗೆ ಈ ಹೊಸ ಮಾತ್ರೆಗಳ ಶಕ್ತಿ ಅರ್ಧ ದಿನಕ್ಕೇ ಇಳಿಯತೊಡಗುತ್ತದೆ. ಎರಡು ದಿನ ಮರೆತರೆ ಕಾವಲೇ ಇಲ್ಲ. ಮರೆತದ್ದು ಬೇಗ ನೆನಪಾದರೆ ತಗೊಳ್ಳಬಹುದು, ಮರುದಿನ ಎರಡು ಸೇರಿಸಿ ನುಂಗುವುದು ಮಾತ್ರ ಯಾವ ಮಾತ್ರೆಗೂ ಕೂಡದು.

ದೊಡ್ಡಮ್ಮನ ಡೋಸು ಒಂದು ದಿನ 2 ಮಿ.ಗ್ರಾಂ., ಮರುದಿನ 3. ಸಂಜೆ ಆರಕ್ಕೆ, ದೀಪ ಹಚ್ಚಿದ ಮೇಲೆ. ಇವತ್ತು ಎರಡೋ ಮೂರೋ ಅಂತ ಅನುಮಾನ ಬರುತ್ತಿತ್ತು. ಮೊಮ್ಮಗಳು ಫೋನಿನಲ್ಲಿ ಅಲಾರಂ ಇಟ್ಟುಕೊಟ್ಟಳು, ಫೋನು ಎಲ್ಲೋ ಇರುತ್ತಿತ್ತು, ದೊಡ್ಡಮ್ಮ ಎಲ್ಲೋ. ಕೊನೆಗೆ ಉಳಿದದ್ದು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ತಿಥಿ, ನಕ್ಷತ್ರದ ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ 2, 3, 2, 3. ನುಂಗಿದ ಮೇಲೆ ಅದರ ಸುತ್ತ ಒಂದು ಸೊನ್ನೆ. ಶನಿವಾರ ಭಾನುವಾರಕ್ಕೆ ಡಿಗಾಕ್ಸಿನ್ ಬೇಡ ಅಂತ ಒಂದು ಗೀಟು. ರಕ್ತ ಪರೀಕ್ಷೆಯ ದಿನ ಕೆಂಪು ಚುಕ್ಕೆ.

ಹೋದ ತಿಂಗಳು ಹೋದಾಗ ನೋಡಿದೆ. ಕೆಂಪು ಚುಕ್ಕೆಯ ಪಕ್ಕ 2.6 ಅಂತ ಬರೆದಿತ್ತು. ಮಂಗಳವಾರ ಮತ್ತು ಶುಕ್ರವಾರದ ಮನೆಗಳಲ್ಲಿ ಸಣ್ಣ ಅಕ್ಷರದಲ್ಲಿ ‘ಸೊಪ್ಪು’. ಅವತ್ತು ಶುಕ್ರವಾರ, ಒಲೆ ಮೇಲೆ ನುಗ್ಗೆಸೊಪ್ಪಿನ ಪಲ್ಯ ಬೇಯುತ್ತಿತ್ತು.