ಬ್ರೂಸ್ ಲೀ ಜೀವನಕಥೆ ಅಂತ ಬರುವ ಹಳೇ ಸಿನಿಮಾಗಳಲ್ಲಿ ಎಷ್ಟು ನಿಜ?

ಪ್ರಶ್ನೆ: ಬ್ರೂಸ್ ಲೀ ಜೀವನಕಥೆ ಅಂತ ಹೆಸರಿದ್ದ ಎಪ್ಪತ್ತರ ದಶಕದ ಸಿನಿಮಾ ಒಂದನ್ನು ಯೂಟ್ಯೂಬ್‌ನಲ್ಲಿ ನೋಡಿದೆ. ಅದರಲ್ಲಿರುವುದು ಬ್ರೂಸ್ ಲೀನೇನಾ? ತೋರಿಸಿದ್ದೆಲ್ಲ ನಿಜವಾಗಿ ನಡೆದದ್ದಾ?

ಉತ್ತರ: ಅಲ್ಲ, ಅದು ಬ್ರೂಸ್ ಲೀ ಅಲ್ಲ. ಬಹುಶಃ ನೀವು ನೋಡಿದ್ದು ಹೋ ಚುಂಗ್-ತಾವೋ ಎಂಬ ತೈವಾನ್ ನಟರನ್ನು. ನಿರ್ಮಾಪಕರು ಅವರಿಗೆ ಇಟ್ಟ ಹೆಸರೂ ಬ್ರೂಸ್ ಲೀ ಅಂತಲೇ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಮಾತ್ರ ಚೂರು ವ್ಯತ್ಯಾಸ. ಕನ್ನಡದಲ್ಲಿ ಬರೆದರೆ ಅದೂ ಕಾಣಿಸಲ್ಲ. ಕಥೆಯ ವಿಷಯಕ್ಕೆ ಬಂದರೆ, ಊರು, ಮದುವೆ, ಸಿನಿಮಾಗಳ ಹೆಸರು ಸಾಮಾನ್ಯವಾಗಿ ಸರಿ ಇರುತ್ತವೆ. ಹೊಡೆದಾಟಗಳಲ್ಲಿ ಹೆಚ್ಚಿನವು ಕಟ್ಟುಕಥೆ. ಸಾವಿನ ಭಾಗವನ್ನಂತೂ ನಂಬಲೇಬೇಡಿ.

ಇಂಥ ಸಿನಿಮಾಗಳು ಹುಟ್ಟಿದ್ದಕ್ಕೆ ಒಂದು ಸರಳ ಕಾರಣ ಇದೆ. ಬ್ರೂಸ್ ಲೀ 1973ರ ಜುಲೈ 20ರಂದು ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡ. ಆಗ ಅವನಿಗೆ ಬರೀ 32 ವರ್ಷ. ಮರುತಿಂಗಳೇ ಅಮೆರಿಕದಲ್ಲಿ ‘ಎಂಟರ್ ದ ಡ್ರ್ಯಾಗನ್’ ಬಿಡುಗಡೆಯಾಯಿತು. ಜಗತ್ತು ಅವನನ್ನು ಕಂಡುಕೊಂಡಾಗ ಅವನೇ ಇರಲಿಲ್ಲ. ಕುಂಗ್ ಫು ಹೀರೋ ಆಗಿ ಅವನು ಪೂರ್ತಿ ಮಾಡಿದ್ದು ನಾಲ್ಕೇ ಸಿನಿಮಾ. ಇನ್ನೂ ಬೇಕು ಅಂತ ಎಲ್ಲ ದೇಶದ ವಿತರಕರೂ ಕೇಳುತ್ತಿದ್ದರು. ಹಾಂಗ್‌ಕಾಂಗ್ ಮತ್ತು ತೈವಾನ್‌ನ ಸಣ್ಣ ನಿರ್ಮಾಪಕರು ಹೋಲುವ ಮುಖಗಳನ್ನು ಹುಡುಕಿ ಹೊರಟರು. ಮರುವರ್ಷವೇ, ಅಂದರೆ 1974ರಲ್ಲೇ, ಹೋ ಅವರನ್ನು ಹಾಕಿಕೊಂಡು ಮೊದಲ ಜೀವನಕಥೆ ಬಂತು.

ಖರ್ಚು ಕಡಿಮೆ ಇಡುವುದೂ ಆಗ ಸುಲಭವಿತ್ತು. ಅಲ್ಲಿನ ಸಿನಿಮಾಗಳ ಶೂಟಿಂಗ್‌ನಲ್ಲಿ ಧ್ವನಿ ರೆಕಾರ್ಡ್ ಮಾಡುತ್ತಿರಲಿಲ್ಲ, ಮಾತೆಲ್ಲ ಆಮೇಲೆ ಡಬ್ಬಿಂಗ್. ಹಾಗಾಗಿ ನಟನ ಧ್ವನಿ, ಭಾಷೆ ಯಾವುದಾದರೂ ನಡೆಯುತ್ತಿತ್ತು. ಒಂದು ದಪ್ಪ ಕಪ್ಪು ಕನ್ನಡಕ ಹಾಕಿಸಿದರೆ ಅರ್ಧ ಮುಖ ಮುಚ್ಚುತ್ತಿತ್ತು. ಇನ್ನು ಸಾವಿರಾರು ಜನ ಸೇರಿದ್ದ ಬ್ರೂಸ್ ಲೀ ಅಂತಿಮ ದರ್ಶನದ ನಿಜವಾದ ದೃಶ್ಯಗಳನ್ನೇ ತಂದು ಸಿನಿಮಾದೊಳಗೆ ಸೇರಿಸುತ್ತಿದ್ದರು. ಇದು ನನಗೆ ಇವತ್ತಿಗೂ ಸಹಿಸಲಾಗದ ವಿಷಯ. 1978ರ ‘ಗೇಮ್ ಆಫ್ ಡೆತ್’ ಜೀವನಕಥೆ ಅಲ್ಲ, ಬ್ರೂಸ್ ಲೀ ಅರ್ಧಕ್ಕೆ ಬಿಟ್ಟುಹೋದ ಸಿನಿಮಾ. ಅದರಲ್ಲಿ ಶವಪೆಟ್ಟಿಗೆಯೊಳಗಿನ ಅವನ ಮುಖವನ್ನೇ ತೋರಿಸಿದ್ದಾರೆ. ಅದೇ ಸಿನಿಮಾದಲ್ಲಿ ಹೀರೋ ಕನ್ನಡಿ ಮುಂದೆ ಕೂತಿರುವ ಶಾಟ್ ಒಂದಿದೆ. ಕೂತಿರುವವನು ಡೂಪ್. ಕನ್ನಡಿಯ ಮೇಲೆ, ಡೂಪ್‌ನ ಮುಖ ಕಾಣಬೇಕಾದ ಜಾಗಕ್ಕೆ, ಬ್ರೂಸ್ ಲೀ ಫೋಟೋ ಕತ್ತರಿಸಿ ಅಂಟಿಸಿದ್ದಾರೆ. ನಿಲ್ಲಿಸಿ ನೋಡಿ, ಮೈ ಅಲುಗಾಡಿದರೂ ಮುಖ ಅಲುಗಾಡಲ್ಲ.

ಹೊಡೆದಾಟಗಳನ್ನು ಕಟ್ಟುಕಥೆ ಅಂದೆನಲ್ವಾ, ಅವಕ್ಕೂ ಒಂದು ಬೇರು ಇದೆ. ‘ನನ್ನ ಜೊತೆ ಕೈ ಮಿಲಾಯಿಸು’ ಅಂತ ಬ್ರೂಸ್ ಲೀಗೆ ಸವಾಲು ಹಾಕುವವರು ನಿಜಕ್ಕೂ ಇದ್ದರು. ‘ಎಂಟರ್ ದ ಡ್ರ್ಯಾಗನ್’ ಸೆಟ್‌ನಲ್ಲಿ ಎಕ್ಸ್‌ಟ್ರಾ ಕಲಾವಿದರೂ ಕೆಣಕಿದ್ದರು. ಅರವತ್ತರ ದಶಕದ ನಡುವೆ ಅಮೆರಿಕದ ಓಕ್ಲೆಂಡ್‌ನಲ್ಲಿ ವಾಂಗ್ ಜ್ಯಾಕ್ ಮ್ಯಾನ್ ಎಂಬ ಕುಂಗ್ ಫು ಪಟು ಜೊತೆ ನಡೆದ ಕಾಳಗವಂತೂ ಪ್ರಸಿದ್ಧ. ಅಲ್ಲೇ ಇದ್ದ ಬ್ರೂಸ್ ಲೀ ಹೆಂಡತಿ ಲಿಂಡಾ ಪ್ರಕಾರ ಅದು ಮೂರು ನಿಮಿಷದಲ್ಲಿ ಮುಗಿಯಿತು, ಗಂಡನೇ ಗೆದ್ದ. ವಾಂಗ್ ಕಡೆಯವರ ಪ್ರಕಾರ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ನಡೆಯಿತು, ಯಾರೂ ಗೆಲ್ಲಲಿಲ್ಲ. ಕಣ್ಣಾರೆ ಕಂಡವರ ಮಾತೇ ಹೀಗಿರುವಾಗ ಸಿನಿಮಾದವರು ಬಿಟ್ಟಾರಾ?

ದುಡ್ಡಿದ್ದರೆ ನಿಜ ಹೇಳುತ್ತಿದ್ದರು ಅಂತಲೂ ಅಂದುಕೊಳ್ಳಬೇಡಿ. 1993ರಲ್ಲಿ ಹಾಲಿವುಡ್, ಲಿಂಡಾ ಬರೆದ ಪುಸ್ತಕವನ್ನು ಆಧರಿಸಿಯೇ ‘ಡ್ರ್ಯಾಗನ್: ದ ಬ್ರೂಸ್ ಲೀ ಸ್ಟೋರಿ’ ಮಾಡಿತು. ಅದರಲ್ಲಿ ಎದುರಾಳಿ ಹಿಂದಿನಿಂದ ಒದ್ದು ಬ್ರೂಸ್ ಲೀ ಬೆನ್ನು ಮುರಿಯುತ್ತಾನೆ. ನಿಜವಾಗಿ ಆ ಪೆಟ್ಟಾಗಿದ್ದು 1970ರಲ್ಲಿ. ಹೆಗಲ ಮೇಲೆ ಭಾರ ಇಟ್ಟುಕೊಂಡು ಬಗ್ಗಿ ಏಳುವ ವ್ಯಾಯಾಮ ಮಾಡುವಾಗ ಬೆನ್ನಿನ ನರಕ್ಕೆ ಏಟಾಯಿತು. ಎದುರಾಳಿಯೇ ಇರಲಿಲ್ಲ. ತಿಂಗಳುಗಟ್ಟಲೆ ಹಾಸಿಗೆ ಹಿಡಿದ, ಮಲಗಿದಲ್ಲೇ ಓದಿದ, ಬರೆದ. ಮನೆ ನಡೆಸಲು ಲಿಂಡಾ ಕೆಲಸಕ್ಕೆ ಹೋದರು. ನನ್ನ ಕೇಳಿದರೆ, ಆ ಒದೆತಕ್ಕಿಂತ ಇದೇ ದೊಡ್ಡ ಕಥೆ.

ಸಾವಿನ ವಿಷಯದಲ್ಲಿ ಗೊತ್ತಿರುವುದು ಇಷ್ಟು. ಮೇ 10ರಂದು ಡಬ್ಬಿಂಗ್ ಮಾಡುವಾಗ ಕುಸಿದುಬಿದ್ದಿದ್ದ, ಮಿದುಳು ಊದಿತ್ತು, ಆ ಸಲ ಬದುಕಿದ. ಜುಲೈ 20ರಂದು ನಟಿ ಬೆಟ್ಟಿ ಟಿಂಗ್ ಪೇ ಮನೆಯಲ್ಲಿ ತಲೆನೋವು ಅಂತ ಒಂದು ಮಾತ್ರೆ ತಗೊಂಡು ಮಲಗಿದವನು ಏಳಲಿಲ್ಲ. ಮತ್ತೆ ಮಿದುಳು ಊದಿತ್ತು. ವಿಚಾರಣೆ ನಡೆದು, ಇದು ಆಕಸ್ಮಿಕ ಸಾವು ಅಂತ ತೀರ್ಪಾಯಿತು. ಮಾರಾಟಕ್ಕೆ ಇಷ್ಟು ಸಾಲದು ಅನಿಸಿರಬೇಕು. 1976ರಲ್ಲಿ ಶಾ ಬ್ರದರ್ಸ್ ತೆಗೆದ ‘ಬ್ರೂಸ್ ಲೀ ಆ್ಯಂಡ್ ಐ’ನಲ್ಲಿ ಬೆಟ್ಟಿ ಟಿಂಗ್ ಪೇ ತನ್ನ ಪಾತ್ರವನ್ನು ತಾನೇ ಮಾಡಿದ್ದಾರೆ. ಅದೇ ವರ್ಷದ ಇನ್ನೊಂದು ಸಿನಿಮಾ ಸಾವಿಗೆ ಕಾರಣ ಹೀಗಿರಬಹುದು, ಹಾಗಿರಬಹುದು ಅಂತ ಒಂದರ ಹಿಂದೊಂದು ತೋರಿಸುತ್ತದೆ. ಕೊನೆಗೆ, ಅವನು ಸತ್ತೇ ಇಲ್ಲ, 1983ರವರೆಗೆ ಅಡಗಿದ್ದಾನೆ ಅನ್ನುವವರೆಗೂ ಹೋಗುತ್ತದೆ.

ಆ ಇನ್ನೊಂದು ಸಿನಿಮಾ ‘ಬ್ರೂಸ್ ಲೀ: ದ ಮ್ಯಾನ್, ದ ಮಿಥ್’. ಈ ಗುಂಪಿನಲ್ಲಿ ಒಂದನ್ನೇ ನೋಡುವುದಾದರೆ ಇದನ್ನೇ ನೋಡಿ. ಹೀರೋ ಹೋ ಚುಂಗ್-ತಾವೋ. ನಿರ್ದೇಶಕ ಉಂಗ್ ಸೀ-ಯುಯೆನ್. ಎರಡು ವರ್ಷದ ನಂತರ ಜಾಕಿ ಚಾನ್‌ನನ್ನು ಸ್ಟಾರ್ ಮಾಡಿದ ಸಿನಿಮಾಗಳ ನಿರ್ಮಾಪಕರೂ ಇವರೇ. ಕೊನೆಯ ಕೆಲವು ನಿಮಿಷ ಬಿಟ್ಟರೆ ಸಿಯಾಟಲ್‌ನ ದಿನಗಳು, ಹಾಂಗ್‌ಕಾಂಗ್‌ನ ಗೆಲುವು ಎಲ್ಲವನ್ನೂ ಮರ್ಯಾದೆಯಿಂದ ಹೇಳಿದ್ದಾರೆ. ಹೋ ಅವರ ಒದೆತ, ನಡಿಗೆ, ಮೂಗು ಉಜ್ಜುವ ರೀತಿ ಎಲ್ಲದರಲ್ಲೂ ಪರಿಶ್ರಮ ಕಾಣುತ್ತದೆ. ಅವರಿಗೆ ಸ್ವಂತ ಪ್ರತಿಭೆ ಇತ್ತು, ಸ್ವಂತ ಹೆಸರಿನಲ್ಲಿ ಬೆಳೆಯಲು ಬಿಡಲಿಲ್ಲ. ಆಮೇಲೆ ಸಿನಿಮಾ ಬಿಟ್ಟು ತೈವಾನ್‌ನಲ್ಲಿ ದೈಹಿಕ ಶಿಕ್ಷಣ ಕಲಿಸುವ ಮೇಷ್ಟ್ರಾದರು. ಅವರಂಥ ‘ನಕಲಿ’ ಬ್ರೂಸ್ ಲೀಗಳ ಮೇಲೆಯೇ 2023ರಲ್ಲಿ ‘ಎಂಟರ್ ದ ಕ್ಲೋನ್ಸ್ ಆಫ್ ಬ್ರೂಸ್’ ಎಂಬ ಸಾಕ್ಷ್ಯಚಿತ್ರ ಬಂದಿದೆ.

ಹುಡುಕುವಾಗ ಒಂದು ಗಮನದಲ್ಲಿರಲಿ. ಇವೆಲ್ಲ ಒಂದೊಂದು ಕಡೆ ಒಂದೊಂದು ಹೆಸರಲ್ಲಿ ಓಡುತ್ತವೆ. ‘ದ ಮ್ಯಾನ್, ದ ಮಿಥ್’ ಸಿಗದಿದ್ದರೆ ‘ಬ್ರೂಸ್ ಲೀ: ದ ಟ್ರೂ ಸ್ಟೋರಿ’ ಅಂತ ಹುಡುಕಿ. ಎರಡೂ ಒಂದೇ ಸಿನಿಮಾ.